ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ?

‘ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ?’ ಎಂದು ಕೇಳುವವರಿಗೆ ನಮ್ಮಲ್ಲಿ ಬಹಳ ಮರ್ಯಾದೆ. ಅವರು ಗಟ್ಟಿಗರು, ನಾಲ್ಕು ಕಾಲ ಕಂಡವರು, ದುಡ್ಡಿನ ಬೆಲೆ ಬಲ್ಲವರು. ಅವರ ಮಾತು ಮೀರಿ ಆಟೋ ಹತ್ತಿದವರು ಪುಕ್ಕಲರು, ಇಲ್ಲವೇ ಡಾಕ್ಟರುಗಳ ಜೇಬು ತುಂಬಿಸುವ ದಡ್ಡರು. ಹಳ್ಳಿಯ ಜಗುಲಿಯಿಂದ ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟಿನವರೆಗೆ ಈ ತೀರ್ಪು ಒಂದೇ. ಅದರ ಹಿಂದಿನ ಅಳತೆಗೋಲೂ ಒಂದೇ: ರಕ್ತ ಎಷ್ಟು ಹೋಯಿತು, ಗಾಯ ಎಷ್ಟು ಉದ್ದ, ನೋವು ಎಷ್ಟು. ಮೂರೂ ಕಡಿಮೆಯಿದ್ದರೆ ಅರಿಶಿನ ಮೆತ್ತಿ, ‘ಬೆಳಗ್ಗೆ ನೋಡೋಣ’ ಎಂದು ದೀಪ ಆರಿಸುವುದು. ಮನೆಯಲ್ಲೇ ಗಾಯ ನೋಡಿಕೊಳ್ಳುವವರ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ಈ ಅಳತೆಗೋಲಿನ ಮೇಲೆ. ಅದು ಎರಡೂ ಕಡೆ ಸುಳ್ಳು ಹೇಳುತ್ತದೆ. ಗಾಬರಿ ಬೇಡದ ಕಡೆ ಊರು ಸೇರಿಸುತ್ತದೆ, ಓಡಬೇಕಾದ ಕಡೆ ಕೂರಿಸಿಬಿಡುತ್ತದೆ.

ತಲೆಯ ಚರ್ಮದಲ್ಲಿ ರಕ್ತನಾಳಗಳು ಒತ್ತೊತ್ತಾಗಿವೆ. ಕಿಟಕಿಯ ಬಾಗಿಲು ತಾಗಿ ಅರ್ಧ ಇಂಚು ಸೀಳಿದರೂ ಅಂಗಿ ತೊಯ್ದುಹೋಗುತ್ತದೆ. ಶುಭ್ರವಾದ ಬಟ್ಟೆ ಮಡಿಸಿ, ಮಧ್ಯೆ ಮಧ್ಯೆ ಎತ್ತಿ ಇಣುಕದೆ, ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರೆ ಅಂಥ ರಕ್ತ ಬಹುಮಟ್ಟಿಗೆ ನಿಲ್ಲುತ್ತದೆ. ಮಕ್ಕಳ ಮೂಗಿನಿಂದ ರಕ್ತ ಸುರಿದಾಗಲೂ ಹಾಗೆಯೇ. ತಲೆಯನ್ನು ಹಿಂದಕ್ಕೆ ಬಗ್ಗಿಸಿ ನೆತ್ತಿಗೆ ನೀರು ತಟ್ಟುವುದು ನಮ್ಮ ರೂಢಿ; ರಕ್ತ ಗಂಟಲಿಗಿಳಿದು ಮಗು ವಾಂತಿ ಮಾಡಿಕೊಂಡರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆಯ ಭಾಗವನ್ನು ಹತ್ತು–ಹದಿನೈದು ನಿಮಿಷ ಹಿಂಡಿ ಹಿಡಿದರೆ ಸಾಮಾನ್ಯವಾಗಿ ಸಾಕು. ನೋಡಲು ಭಯಂಕರ, ಆದರೆ ಮನೆಯಲ್ಲೇ ಮುಗಿಯಬಹುದಾದ ಸಂಗತಿ.

ಈಗ ಇನ್ನೊಂದು ಗಾಯ ನೋಡಿ. ಬೀದಿಯ ನಾಯಿಮರಿಯನ್ನು ಎತ್ತಿಕೊಂಡ ಹುಡುಗಿಯ ಮುಂಗೈ ಮೇಲೆ ಹಲ್ಲಿನ ಒಂದು ಗೀರು. ರಕ್ತ ಹನಿಯಷ್ಟು, ಸಂಜೆಯ ಹೊತ್ತಿಗೆ ಒಣಗಿ ಗೆರೆ ಮಾತ್ರ ಉಳಿದಿದೆ. ಮನೆಯ ಅಳತೆಗೋಲು ಇದನ್ನು ಗಾಯವೆಂದೇ ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಅದು ಮೂರನೆಯ, ಅಂದರೆ ಅತಿ ಗಂಭೀರ ವರ್ಗಕ್ಕೆ ಸೇರಿದ್ದು. ಚರ್ಮ ದಾಟಿದ ಕಡಿತ, ಪರಚು, ತೆರೆದ ಗಾಯವನ್ನು ನಾಯಿ ನೆಕ್ಕಿದ್ದು, ಎಲ್ಲಕ್ಕೂ ಅಲ್ಲಿ ಒಂದೇ ಸ್ಥಾನ. ಲಸಿಕೆ ಮಾತ್ರವಲ್ಲ, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಮದ್ದು ಚುಚ್ಚಬೇಕು. ರಕ್ತವೇ ಬಾರದ ಸಣ್ಣ ಪರಚಿಗೂ ಲಸಿಕೆ ಬೇಕು. ರೇಬಿಸ್ ವೈರಸ್ಸಿಗೆ ನಾಲ್ಕಿಂಚಿನ ಬಾಗಿಲು ಬೇಕಿಲ್ಲ. ನರವೊಂದು ಸಿಕ್ಕಿದರೆ ಅದರ ಜಾಡು ಹಿಡಿದು ಮಿದುಳು ಸೇರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ವರ್ಷವೂ ದಾಟಬಹುದು. ನೀರು ಕಂಡರೆ ಬೆಚ್ಚುವ ಹಂತ ತಲುಪಿದ ಮೇಲೆ ಜಗತ್ತಿನ ಯಾವ ಆಸ್ಪತ್ರೆಯೂ ಹೆಚ್ಚು ಕಡಿಮೆ ಏನೂ ಮಾಡಲಾರದು. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ನಮ್ಮ ದೇಶದಲ್ಲೇ ಆಗುತ್ತವೆ ಎಂಬ ಅಂದಾಜಿದೆ.

ಇಲ್ಲಿ ಜಾಣರು ಅಡ್ಡ ಬಾಯಿ ಹಾಕುತ್ತಾರೆ. ಸಾಕಿದ ನಾಯಿ ತಾನೆ? ಮರಿ ತಾನೆ? ಹತ್ತು ದಿನ ನಾಯಿಯನ್ನೇ ನೋಡೋಣ, ಸತ್ತರೆ ಇಂಜೆಕ್ಷನ್ ಹಾಕಿಸಿದರಾಯಿತು! ಈ ಹತ್ತು ದಿನದ ಲೆಕ್ಕವನ್ನು ನಾವು ತಲೆಕೆಳಗಾಗಿ ಕಲಿತಿದ್ದೇವೆ. ನಾಯಿಯ ಮೇಲೆ ಕಣ್ಣಿಡುವುದು ಲಸಿಕೆ ಶುರುಮಾಡಿದ ಮೇಲೆ, ಮುಂದಿನ ಡೋಸುಗಳ ಬಗ್ಗೆ ವೈದ್ಯರು ತೀರ್ಮಾನಿಸಲಿ ಎಂದು. ಶುರುವೇ ಮಾಡದೆ ಕಾಯುವುದಕ್ಕೆ ಆ ಹತ್ತು ದಿನ ಸಿಕ್ಕಿದ್ದಲ್ಲ. ಇನ್ನು ಕೆಲವರ ಕಿವಿಯಲ್ಲಿ ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಎಂಬ ಭಯ ಈಗಲೂ ಗುಂಯ್‌ಗುಡುತ್ತಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ಸುಮಾರು 2005ರ ಹೊತ್ತಿಗೆ ದೇಶದಲ್ಲಿ ಅದರ ಬಳಕೆಯೇ ನಿಂತಿತು. ಈಗ ತೋಳಿಗೆ ಹಾಕುತ್ತಾರೆ, 0, 3, 7, 28ನೇ ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮನೆಯಲ್ಲಿ ಮಾಡಬೇಕಾದದ್ದೂ ಒಂದಿದೆ, ಅದನ್ನೇ ಯಾರೂ ಮಾಡುವುದಿಲ್ಲ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು. ಅದರ ಬದಲು ಮೆಣಸಿನಪುಡಿ, ಸುಣ್ಣ, ಕಾಫಿಪುಡಿ ಮೆತ್ತುತ್ತೇವೆ. ನಾಯಿ ಕಚ್ಚಿದ ಗಾಯಕ್ಕೆ ಖಾರ ಹಾಕುವ ಬುದ್ಧಿ ಯಾರಿಗೆ ಮೊದಲು ಹೊಳೆಯಿತೋ, ಅವರಿಗೆ ಕಚ್ಚಿರಲಿಲ್ಲ ಎಂಬುದಂತೂ ಖಚಿತ.

‘ನಮ್ಮಜ್ಜ ಜೀವಮಾನದಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ, ಹಾವು ಕಚ್ಚಿದಾಗಲೂ ಬೇರು ತೇದು ಕುಡಿದು ಬದುಕಿದ.’ ಈ ವಾದಕ್ಕೆ ಎದುರಾಡುವುದು ಕಷ್ಟ, ಏಕೆಂದರೆ ಅಜ್ಜ ನಿಜಕ್ಕೂ ಬದುಕಿದ್ದರು. ಬೇರಿನಿಂದ ಬದುಕಿದರೇ ಎಂಬುದು ಬೇರೆ ಪ್ರಶ್ನೆ. ನಮ್ಮ ಸುತ್ತಲಿನ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಹಾಗಾಗಿ ಮಂತ್ರ ಹಾಕಿದವರು, ಬೇರು ಕೊಟ್ಟವರು, ಸುಮ್ಮನೆ ಬೆನ್ನು ಸವರಿದವರು, ಎಲ್ಲರೂ ಹೆಚ್ಚಿನ ಸಲ ಗೆಲ್ಲುತ್ತಾರೆ. ಸೋತ ಸಲ ‘ಆಯುಸ್ಸು ಮುಗಿದಿತ್ತು’ ಎಂಬ ಸಮಜಾಯಿಷಿ ಸಿದ್ಧವಿರುತ್ತದೆ. ಬದುಕಿದ ಅಜ್ಜ ಮೊಮ್ಮಕ್ಕಳಿಗೆ ಕಥೆ ಹೇಳಿದರು. ಅದೇ ಬೇರು ಕುಡಿದು ಸತ್ತ ಪಕ್ಕದ ಕೇರಿಯ ಕೂಲಿಯಾಳಿನ ಕಥೆ ಹೇಳಲು ಯಾರಿದ್ದಾರೆ? ಲೆಕ್ಕವನ್ನು ಬದುಕಿದವರಿಂದಷ್ಟೇ ಪಡೆದರೆ ಯಾವ ಮದ್ದೂ ಸೋಲುವುದಿಲ್ಲ.

ಸತ್ತವರನ್ನೂ ಎಣಿಸಿದ ಲೆಕ್ಕ ಬೇರೆಯೇ ಇದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜಿಸಿತು. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಇದೇ ಕಾರಣಕ್ಕೆ. ಅದಕ್ಕೆ ಮೊದಲು ಬಹಳಷ್ಟು ಸಾವುಗಳು ಯಾವ ಕಡತಕ್ಕೂ ಬರುತ್ತಿರಲಿಲ್ಲ.

ಕಟ್ಟುಹಾವನ್ನೇ ತೆಗೆದುಕೊಳ್ಳಿ, ಕೆಲವು ಕಡೆ ಕಡಂಬಳ ಎನ್ನುತ್ತಾರೆ. ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುತ್ತದೆ. ನೋವು ಇಲ್ಲವೆಂಬಷ್ಟು ಕಡಿಮೆ, ಊತವಿಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗದಿರಬಹುದು. ಸೊಳ್ಳೆಯೋ ಇರುವೆಯೋ ಎಂದು ಮಗ್ಗುಲಾಗುತ್ತಾರೆ. ನಸುಕಿನಲ್ಲಿ ಹೊಟ್ಟೆನೋವು ಎನ್ನುತ್ತಾರೆ, ಮನೆಯವರು ಜೀರಿಗೆ ಕಷಾಯ ಕೊಡುತ್ತಾರೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ರಕ್ತ, ಉದ್ದ, ನೋವು ಎಂಬ ನಮ್ಮ ಮೂರು ಪ್ರಶ್ನೆಗೂ ಇಲ್ಲಿ ಉತ್ತರ ‘ಏನೂ ಇಲ್ಲ’. ಕೊಳಕುಮಂಡಲ ಕಚ್ಚಿದರೆ ನೋವೂ ಊತವೂ ಕಾಣುತ್ತವೆ ನಿಜ, ಆದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡಿರುವುದು ಹೊರಗಣ್ಣಿಗೆ ಕಾಣದು. ಅದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಒಣ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ವಾಲಿಸಿ ನೋಡುತ್ತಾರೆ. ಗಟ್ಟಿಯಾಗದಿದ್ದರೆ ವಿಷ ಏರಿದೆ. ಇಷ್ಟು ಸರಳವಾದ ಪರೀಕ್ಷೆಯನ್ನೂ ಜಗುಲಿಯ ಮೇಲೆ ಮಾಡಲಾಗದು, ಮಾಡಿದರೂ ಪ್ರತಿವಿಷ ಅಲ್ಲಿಲ್ಲ. ಪ್ರತಿವಿಷವೇ ಕೆಲವರ ಮೈಗೆ ಒಗ್ಗದೆ ಜೀವಕ್ಕೆ ಸಂಚಕಾರ ತರಬಹುದು, ಹಾಗಾಗಿ ಅದನ್ನು ಕೊಡುವುದಕ್ಕೆ ಆಸ್ಪತ್ರೆಯೇ ಆಗಬೇಕು. ಮನೆಯಿಂದ ಆಗಬೇಕಾದದ್ದು, ಕಚ್ಚಿದ ಕೈಯನ್ನೋ ಕಾಲನ್ನೋ ಪಟ್ಟಿ ಕೊಟ್ಟು ಅಲುಗದಂತೆ ಮಾಡಿ ಹೊರಡಿಸುವುದು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಸಿನಿಮಾದವರಿಗೆ ಬಿಡೋಣ.

ತಲೆಗೆ ಪೆಟ್ಟಾದಾಗ ಅಳತೆಗೋಲು ಸ್ವಲ್ಪ ಬದಲಾಗುತ್ತದೆ, ಆದರೆ ಉತ್ತಮವಾಗುವುದಿಲ್ಲ. ಬೈಕಿನಿಂದ ಬಿದ್ದವನು ಎದ್ದು ಕೂತ, ಹೆಸರು ಹೇಳಿದ, ಟೀ ಕುಡಿದ. ‘ಏನೂ ಆಗಿಲ್ಲ, ನಡೀರಿ.’ ಟೀ ಕುಡಿದದ್ದು ಇಲ್ಲಿ ಸ್ಕ್ಯಾನ್ ರಿಪೋರ್ಟಿಗೆ ಸಮ. ತಲೆಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ಒಸರುವ ಒಂದು ಬಗೆಯ ಗಾಯದಲ್ಲಿ ಮನುಷ್ಯ ಕೆಲವು ಗಂಟೆ ಪೂರ್ತಿ ಸ್ವಸ್ಥನಂತೆಯೇ ಇರಬಲ್ಲ. ಇಂಗ್ಲಿಷ್ ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಎದ್ದು ನಡೆದರು, ನಕ್ಕು ಮಾತಾಡಿದರು, ಬಂದ ಆಂಬುಲೆನ್ಸ್ ಬೇಡವೆಂದು ಕಳಿಸಿದರು. ಆಮೇಲೆ ತಲೆನೋವು ಶುರುವಾಯಿತು. ಎರಡು ದಿನದಲ್ಲಿ ತೀರಿಕೊಂಡರು, 45 ವರ್ಷಕ್ಕೆ. ದುಡ್ಡಿಗೆ ಕೊರತೆಯಿಲ್ಲದ, ಓದಿದ ಹೆಣ್ಣುಮಗಳ ಮೇಲೂ ‘ಇಷ್ಟಕ್ಕೆಲ್ಲ ಯಾಕೆ’ ಎಂಬುದು ಇಷ್ಟು ಜೋರು ನಡೆಸಿತು ಎಂದರೆ ಹಳ್ಳಿಯವರ ಮೌಢ್ಯ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕ್ಷಣವಾದರೂ ಪ್ರಜ್ಞೆ ತಪ್ಪಿದ್ದರೆ, ಒಂದಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ತಲೆನೋವು ಏರುತ್ತಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ಹೊರಡಲೇಬೇಕು. ಹೃದಯದ ತೊಂದರೆಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡರೆ ಲಕ್ಷಣಕ್ಕೆ ಕಾಯುವುದೂ ಬೇಡ. ‘ಈಗ ಮಲಗಲಿ ಬಿಡಿ’ ಎಂಬ ಪ್ರೀತಿಯ ಮಾತು ಆ ರಾತ್ರಿಯ ಮಟ್ಟಿಗೆ ಅತ್ಯಂತ ಅಪಾಯಕಾರಿ.

ಅಡುಗೆಮನೆಯ ಔಷಧಾಲಯದ ಬಗ್ಗೆ ಬಹಳ ಹೇಳಬೇಕಿಲ್ಲ. ಸುಟ್ಟದ್ದಕ್ಕೆ ಟೂತ್‌ಪೇಸ್ಟ್, ದೋಸೆಹಿಟ್ಟು, ಇಂಕು. ಕುಯ್ದದ್ದಕ್ಕೆ ಕಾಫಿಪುಡಿ, ಬೀಡಿಯ ಬೂದಿ. ಇವೆಲ್ಲ ಗಾಯವನ್ನು ಮುಚ್ಚಿ ವೈದ್ಯರ ಕಣ್ಣಿಗೂ ಕಾಣದಂತೆ ಮಾಡುತ್ತವೆ, ಮತ್ತೆ ಕೆರೆದು ತೆಗೆಯುವಾಗ ರೋಗಿಗೆ ಎರಡನೇ ಸಲ ನರಕ. ಸುಟ್ಟದ್ದಕ್ಕೆ ಬೇಕಾದದ್ದು ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ. ಐಸ್ ಕೂಡ ಅಲ್ಲ. ವಿದ್ಯುತ್ ಶಾಕ್‌ನ ಸುಟ್ಟ ಗುರುತು ಕಾಳಿನಷ್ಟಿದ್ದು ಒಳಗೆ ಸ್ನಾಯು ಬೆಂದಿರಬಹುದು, ಹೃದಯದ ಬಡಿತ ದಾರಿ ತಪ್ಪಿರಬಹುದು. ಪಂಪ್‌ಸೆಟ್ಟಿನ ಬಳಿ ಶಾಕ್ ಹೊಡೆಸಿಕೊಂಡ ರೈತ ‘ಜುಂ ಅಂತು ಅಷ್ಟೇ’ ಎನ್ನುವಾಗ ಅವನ ಗುರುತನ್ನಲ್ಲ, ಪಂಪ್‌ಸೆಟ್ಟನ್ನು ನೋಡಿ ನಿರ್ಧರಿಸಬೇಕು.

ಕಣ್ಣಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲೆಯಡಿಕೆಯ ಸುಣ್ಣದ ಸಣ್ಣ ಪ್ಯಾಕೆಟ್ಟು ಮಗುವಿನ ಕೈಗೆ ಸಿಗುತ್ತದೆ, ಹಿಸುಕಿದಾಗ ಒಡೆದು ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕ್ಷಾರ. ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತ ಹೋಗಿ ಕಣ್ಣಿನ ಪಾರದರ್ಶಕ ಪದರವನ್ನು ಸುಡುತ್ತದೆ. ಹರಳೆಣ್ಣೆ ಬಿಡುವುದೋ ಎದೆಹಾಲು ಹಿಂಡುವುದೋ ಎಂಬ ಚರ್ಚೆಯಲ್ಲಿ ಕಳೆದ ಐದು ನಿಮಿಷ ಆ ಮಗುವಿನ ದೃಷ್ಟಿಯ ಐದು ನಿಮಿಷ. ರೆಪ್ಪೆ ಬಿಡಿಸಿ ಹಿಡಿದು ಕುಡಿಯುವ ನೀರನ್ನೇ ಧಾರೆಯಾಗಿ ಅರ್ಧ ಗಂಟೆ ಹರಿಸಿ, ಸುಣ್ಣದ ಕಣಗಳು ಹೋಗುವಂತೆ ನೋಡಿಕೊಂಡು, ಆಮೇಲೆ ನೇರವಾಗಿ ಕಣ್ಣಿನ ಆಸ್ಪತ್ರೆಗೆ. ಭತ್ತದ ಕಟಾವಿನಲ್ಲಿ ಕಣ್ಣಿಗೆ ಚುಚ್ಚಿದ ಹೊಟ್ಟಿನ ಚೂರೂ ಹೀಗೆಯೇ ಮೋಸ ಮಾಡುತ್ತದೆ. ಅದರಿಂದ ಬರುವ ಶಿಲೀಂಧ್ರದ ಹುಣ್ಣಿಗೆ ಮೆಡಿಕಲ್ ಶಾಪಿನಿಂದ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್ ಹಾಕಿದರೆ ಕೆಂಪು ಎರಡು ದಿನ ಇಳಿದಂತೆ ಕಂಡು ಹುಣ್ಣು ಒಳಗೇ ಕೊರೆಯುತ್ತದೆ.

ಇನ್ನೊಂದು ಪಂಗಡದವರಿದ್ದಾರೆ. ಇವರು ಆಸ್ಪತ್ರೆಗೆ ಹೋಗುತ್ತಾರೆ, ಆದರೆ ಧನುರ್ವಾಯು ತಡೆಯುವ ಒಂದು ಟಿಟಿ ಚುಚ್ಚಿಸಿಕೊಂಡು ಬಂದು ಎಲ್ಲಾ ಮುಗಿಯಿತೆನ್ನುತ್ತಾರೆ. ಬಾಲ್ಯದ ಲಸಿಕೆಗಳು ಪೂರ್ತಿಯಾಗಿದ್ದರೆ ಶುಭ್ರವಾದ ಸಣ್ಣ ಗಾಯಕ್ಕೆ ಹತ್ತು ವರ್ಷದವರೆಗೆ, ಮಣ್ಣು ಸೆಗಣಿ ತಾಗಿದ ಗಾಯಕ್ಕೆ ಐದು ವರ್ಷದವರೆಗೆ ಮತ್ತೆ ಬೇಕಿಲ್ಲ. ‘ಆರು ತಿಂಗಳಾಯಿತು, ಇನ್ನೊಂದು ಹಾಕಿಸಿಕೊಳ್ಳಿ’ ಎಂಬುದು ಕ್ಲಿನಿಕ್ಕುಗಳೇ ಬೆಳೆಸಿದ ಪದ್ಧತಿ. ಧನುರ್ವಾಯುವಿನ ಬೀಜಕಗಳು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ತುಕ್ಕಿನಲ್ಲಿ ಏನೂ ವಿಶೇಷವಿಲ್ಲ. ಚುಚ್ಚಿದ ಆಳ ಮುಖ್ಯ. ನಾಯಿ ಪರಚಿದವರು ಟಿಟಿ ಹಾಕಿಸಿಕೊಂಡು ನಿಶ್ಚಿಂತರಾಗಿ ಮನೆಗೆ ಬರುವುದಂತೂ ಹೋಗದೇ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಮನಸ್ಸಿನ ಅಳುಕೂ ಹೋಗಿರುತ್ತದೆ.

ಈಗ ಎದುರು ಪಕ್ಷದ ಗಟ್ಟಿ ವಾದಕ್ಕೆ ಬರೋಣ. ಅದು ದುಡ್ಡು. ಖಾಸಗಿ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕಾಲಿಟ್ಟರೆ ರಿಜಿಸ್ಟ್ರೇಷನ್, ಪರೀಕ್ಷೆ, ‘ಒಂದು ರಾತ್ರಿ ಅಬ್ಸರ್ವೇಷನ್’. ದಿನಗೂಲಿಯವರಿಗೆ ವಾರದ ದುಡಿಮೆ ಹೋಗುತ್ತದೆ. ಅಪಘಾತವಾದರೆ ಎಂಎಲ್‌ಸಿ ಎಂಬ ಕಾನೂನು ದಾಖಲೆ, ಪೊಲೀಸು. ಪಿಎಚ್‌ಸಿಯಲ್ಲಿ ಸಂಜೆಯ ಮೇಲೆ ಡಾಕ್ಟರಿಲ್ಲ. ಇದ್ದಲ್ಲಿ ಇಮ್ಯುನೊಗ್ಲಾಬ್ಯುಲಿನ್ ಇಲ್ಲ, ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂಬ ಚೀಟಿ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ‘ಯಾಕೆ ಆಸ್ಪತ್ರೆ’ ಎಂಬ ಪ್ರಶ್ನೆ ಹುಟ್ಟಿದ್ದು ಅಜ್ಞಾನದಿಂದಷ್ಟೇ ಅಲ್ಲ. ಹೋಗಿ ಅವಮಾನ ತಿಂದು ಬಂದ ಅನುಭವದಿಂದಲೂ ಹುಟ್ಟಿದೆ. ಗಾಯಾಳುವಿನ ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಅದೇ ನ್ಯಾಯಾಲಯ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಅದನ್ನು ರಾಜ್ಯದ ಕಾನೂನಾಗಿಯೇ ಮಾಡಲು ಹೊರಟ ಮೊದಲಿಗರಲ್ಲಿ ಕರ್ನಾಟಕವೂ ಒಂದು. ಕ್ಯಾಶುವಾಲ್ಟಿಯ ಬಾಗಿಲಲ್ಲಿ ಇವು ಎಷ್ಟು ಉಸಿರಾಡುತ್ತಿವೆ ಎಂದು ಅಲ್ಲಿ ನಿಂತವರನ್ನೇ ಕೇಳಬೇಕು.

ಆದರೆ ದುಡ್ಡಿನ ವಾದ ಕೊನೆಗೆ ನಮ್ಮ ಕಡೆಗೇ ವಾಲುತ್ತದೆ. ರೇಬಿಸ್ ಲಸಿಕೆ, ಹಾವಿನ ಪ್ರತಿವಿಷ, ಹೊಲಿಗೆ, ಧನುರ್ವಾಯುವಿನ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ದಿನ ಸಿಗುವ ಅಗ್ಗದ ಚಿಕಿತ್ಸೆಗಳು. ಮನೆ ಹರಾಜಿಗೆ ತರುವುದು ನಾಲ್ಕನೇ ದಿನದ ವೆಂಟಿಲೇಟರು, ಡಯಾಲಿಸಿಸ್ಸು. ಸಕ್ಕರೆ ಕಾಯಿಲೆಯವರ ಸ್ಪರ್ಶ ಸತ್ತ ಪಾದದಲ್ಲಿ ಚಪ್ಪಲಿ ಕಚ್ಚಿದ ಗುಳ್ಳೆಗೆ ಮೊದಲ ವಾರದ ಡ್ರೆಸ್ಸಿಂಗ್ ಎಷ್ಟು, ಎರಡು ತಿಂಗಳ ಮೇಲೆ ಕಾಲು ತೆಗೆಯುವುದಕ್ಕೆ ಎಷ್ಟು? ದೂರದ ವಾದವೂ ಹಾಗೆಯೇ. ಘಟ್ಟದ ಮೂಲೆಯ ಮನೆಯಿಂದ ಆಸ್ಪತ್ರೆ ಒಂದೂವರೆ ಗಂಟೆಯ ದಾರಿಯಾದರೆ, ಪೇಟೆಯವರಿಗಿಂತ ಒಂದೂವರೆ ಗಂಟೆ ಮೊದಲು ಹೊರಡುವುದು ಲೆಕ್ಕ. ನಾವು ತದ್ವಿರುದ್ಧ ಮಾಡುತ್ತೇವೆ. ದೂರ ಎಂಬ ಕಾರಣಕ್ಕೇ ಬೆಳಗಿನವರೆಗೆ ಕಾಯುತ್ತೇವೆ.

ಈ ಕಾಯುವಿಕೆಯಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಸಂಗತಿಯಿದೆ. ‘ನೋಡೋಣ’ ಎನ್ನುವವರು ಸಾಮಾನ್ಯವಾಗಿ ಗಾಯಗೊಂಡವರಲ್ಲ. ಮೈಮೇಲೆ ಬಿಸಿ ಎಣ್ಣೆ ಬಿದ್ದ ಸೊಸೆ ಅತ್ತೆಯ ಮುಖ ನೋಡುತ್ತಾಳೆ, ಅತ್ತೆ ಮಗನ ಮುಖ ನೋಡುತ್ತಾಳೆ. ಅಡಿಕೆ ಮರದಿಂದ ಬಿದ್ದ ಆಳಿನ ಆಸ್ಪತ್ರೆ ಯಜಮಾನರ ಜೀಪಿನ ಮೇಲೆ ನಿಂತಿದೆ. ಜೀಪು ಬರುವ ಹೊತ್ತಿಗೆ ಅವನನ್ನು ನಾಲ್ವರು ಕೈಕಾಲು ಹಿಡಿದು ಎತ್ತಿ, ಮುರಿದಿರಬಹುದಾದ ಬೆನ್ನುಮೂಳೆಯನ್ನು ಪೂರ್ತಿ ಕೆಡಿಸಿರುತ್ತಾರೆ. ನಾಯಿ ಪರಚಿದ ಮಗು ಬೈಗುಳದ ಭಯಕ್ಕೆ ಹೇಳುವುದೇ ಇಲ್ಲ. ಗಟ್ಟಿತನದ ಹೊಗಳಿಕೆ ಯಾರ ಪಾಲಿಗೆ ಹೋಗುತ್ತದೆ, ನೋವು ಯಾರ ಪಾಲಿಗೆ ಎಂದು ನೋಡಿದರೆ ಈ ಮಾತಿನ ಬಂಡವಾಳ ತಿಳಿಯುತ್ತದೆ. ಯಜಮಾನರಿಗೇ ಎದೆ ಹಿಡಿದಾಗ ಯಾರೂ ‘ಇಷ್ಟಕ್ಕೆಲ್ಲ’ ಎನ್ನುವುದಿಲ್ಲ.

ಹಾಗಾದರೆ ಎಲ್ಲದಕ್ಕೂ ಓಡಬೇಕೆ? ಖಂಡಿತ ಬೇಡ. ಈಳಿಗೆಮಣೆಯ ಮೇಲ್ಮೈ ಗಾಯ, ಸೈಕಲ್ಲಿನಿಂದ ಬಿದ್ದ ಮೊಣಕಾಲಿನ ತರಚು, ತಿರುಚಿದರೂ ಊರಿ ನಡೆಯಬಲ್ಲ ಪಾದ, ಹಬೆ ತಾಗಿ ಕೆಂಪಾದ ಬೆರಳು, ಇವು ಮನೆಯಲ್ಲೇ ವಾಸಿಯಾಗುವಂಥವು. ನೀರು, ಸೋಪು, ಶುಭ್ರ ಬಟ್ಟೆ, ಸ್ವಲ್ಪ ತಾಳ್ಮೆ. ಇಂಥವರೇ ಕ್ಯಾಶುವಾಲ್ಟಿಯಲ್ಲಿ ಸಾಲು ನಿಂತರೆ ನಿಜವಾದ ಗಾಯಾಳು ಹಿಂದೆ ಬೀಳುತ್ತಾನೆ. ನಾನು ಕೇಳುವುದು ಪ್ರಶ್ನೆಗಳನ್ನು ಬದಲಿಸಿ ಎಂದು. ಎಷ್ಟು ರಕ್ತ ಎನ್ನುವ ಮೊದಲು, ಏನು ತಾಗಿತು, ಎಲ್ಲಿ ತಾಗಿತು, ಯಾರಿಗೆ ತಾಗಿತು ಎಂದು ಕೇಳಿ. ಪ್ರಾಣಿಯ ಹಲ್ಲು, ವಿದ್ಯುತ್ತು, ಸುಣ್ಣ, ಎತ್ತರದಿಂದ ಬಿದ್ದದ್ದು. ಕಣ್ಣು, ತಲೆ, ಕೈಯ ಮಡಿಕೆ. ಕೂಸು, ಮುದುಕರು, ಬಸುರಿ, ಸಕ್ಕರೆ ಕಾಯಿಲೆಯವರು. ಸೈಕಲ್ಲಿನ ಹ್ಯಾಂಡಲ್ಲು ಹೊಟ್ಟೆಗೆ ಗುದ್ದಿದ ಹುಡುಗನ ಮೈಮೇಲೆ ಗೀರೂ ಇರದೆ ಒಳಗೆ ಗುಲ್ಮ ಹರಿದಿರಬಹುದು. ಸಂಶಯವಿದ್ದರೆ 108 ಇದೆ. 2008ರಿಂದ ರಾಜ್ಯದಲ್ಲಿ ಓಡುತ್ತಿರುವ ಪುಕ್ಕಟೆ ಗಾಡಿ.

ಈ ಲೇಖನ ಓದಿ ಮುಗಿಸಿದವರು ಮನೆಯ ಮಕ್ಕಳನ್ನು ಕರೆದು, ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು, ನಾಯಿ ಬೆಕ್ಕು ಕಚ್ಚಿದ್ದೋ ಪರಚಿದ್ದೋ ಇದೆಯೇ ಎಂದು ಕೇಳಿ. ಇದೆ ಎಂದರೆ, ವಾರಗಳೇ ಕಳೆದಿದ್ದರೂ, ಲಕ್ಷಣ ಕಾಣಿಸಿಕೊಳ್ಳುವ ಮೊದಲು ರೇಬಿಸ್ ಲಸಿಕೆ ಶುರುಮಾಡಬಹುದು. ನಾಳೆ ಬೆಳಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.